ಛೀ ಸಾಹೇಬರ ಹೊಟ್ಟೆ

ಪೇಟೆಯ ಹೋಟೆಲಿನವರೆಲ್ಲ ಅವನನ್ನು ಛೀ ಸಾಹೇಬರು ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ನಗರಸಭೆಯಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದ ಅವನು ಯಾವ ಹೋಟೆಲಿಗೂ ಮುಂಬಾಗಿಲಿನಿಂದ ಹೋದವನಲ್ಲ. ಹಿಂದಿನ ಸಂದಿಯಿಂದ, ಕಸದ ಡಬ್ಬಗಳನ್ನು ದಾಟಿ, ಪಾತ್ರೆ ತೊಳೆಯುವ ಜಾಗಕ್ಕೆ ನುಗ್ಗಿ ಅಲ್ಲಿಂದ ಶುರು ಮಾಡುವನು. ಫ್ರಿಜ್ಜಿನ ಬಾಗಿಲಿನ ರಬ್ಬರನ್ನು ಬೆರಳಿನಿಂದ ಬಿಡಿಸಿ ಒಳಗಿನ ಕಪ್ಪು ಬೂಷ್ಟನ್ನು ನೋಡುವನು. ಒಲೆಯ ಮೇಲಿನ ಹೊಗೆಗೂಡಿನಲ್ಲಿ ಜೋತುಬಿದ್ದ ಜಿಡ್ಡಿನ ಹನಿಗೆ ಟಾರ್ಚು ಬಿಡುವನು. ಮಾಂಸ ಕೊಚ್ಚುವ ಹಲಗೆಯನ್ನು ಎತ್ತಿ ಮೂಗಿಗೆ ಹಿಡಿಯುವನು. "ಏನೂ ವಾಸನೆ ಇಲ್ಲ ಸಾರ್, ಈಗ ತಾನೇ ತೊಳೆದಿದ್ದು" ಎಂದು ಮಾಲೀಕ ಹಲ್ಲು ಗಿಂಜುತ್ತಿರುವಾಗಲೇ ಇವನ ಬಾಯಿಂದ ಒಂದೇ ಒಂದು ಅಕ್ಷರ ಬೀಳುತ್ತಿತ್ತು: "ಛೀ." ಅದು ಬಿತ್ತೆಂದರೆ ಅಂಗಡಿಗೆ ಬೀಗ ಬಿತ್ತು ಎಂದೇ ಅರ್ಥ.

ಲಂಚ ಮುಟ್ಟುತ್ತಿರಲಿಲ್ಲ. ಅದನ್ನು ಅವನ ಪ್ರಾಮಾಣಿಕತೆ ಎಂದು ಕಚೇರಿಯವರು ಹೊಗಳಿದರೆ ಜೀಪಿನ ಡ್ರೈವರ್ ಮಾತ್ರ ನಗುತ್ತಿದ್ದ. "ಪ್ರಾಮಾಣಿಕತೆ ಎಲ್ಲಿ ಬಂತು? ಮೀನಂಗಡಿಯವನ ಕೈಯಿಂದ ಬಂದ ನೋಟು ಅಂದ್ರೆ ನಮ್ಮ ಸಾಹೇಬ್ರಿಗೆ ಹೇಸಿಗೆ, ಅಷ್ಟೇ."

ಮನೆಯಲ್ಲಿ ಇವನು ಮತ್ತು ಹೆಂಡತಿ, ಇಬ್ಬರೇ. ಮಕ್ಕಳಾಗಿರಲಿಲ್ಲ. ಹೆಂಡತಿ ಶಿಶುವಿಹಾರವೊಂದರಲ್ಲಿ, ಇನ್ನೂ ನೆಟ್ಟಗೆ ಮಾತು ಬಾರದ ಕೂಸುಗಳ ಕೋಣೆಯಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಮೂಗು ಒರೆಸುವುದು, ಚಡ್ಡಿ ಬದಲಾಯಿಸುವುದು, ಕಕ್ಕಿದ್ದನ್ನು ಬಳಿಯುವುದು. ಅವಳು ಮೂಗು ಮುರಿದದ್ದನ್ನು ಯಾರೂ ಕಂಡಿರಲಿಲ್ಲ.

ಇಂಥ ಮನುಷ್ಯನಿಗೆ ಮಲದಲ್ಲಿ ರಕ್ತ ಬೀಳತೊಡಗಿತು. ಮೊದಲ ಸಲ ಅಕಸ್ಮಾತ್ ಕಣ್ಣಿಗೆ ಬಿತ್ತು. ಆಮೇಲೆ ಅವನು ನೋಡುವುದನ್ನೇ ಬಿಟ್ಟ. ಊರಿನ ಚರಂಡಿಗಳನ್ನೆಲ್ಲ ಬಗ್ಗಿ ನೋಡುವವನು ತನ್ನ ಸರದಿ ಬಂದಾಗ ತಲೆಯೆತ್ತಿ, ಛಾವಣಿ ನೋಡುತ್ತಾ ಫ್ಲಶ್ ಒತ್ತಿ ಹೊರಗೆ ಬರುತ್ತಿದ್ದ. ಮೂಲವ್ಯಾಧಿ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಆ ಮಾತನ್ನು ಇನ್ನೊಬ್ಬರೆದುರು ಆಡುವುದೇ ಅವನಿಗೆ ಅಸಹ್ಯ. ಪ್ಯಾಂಟು ಸಡಿಲವಾಯಿತು, ಬೆಲ್ಟಿಗೆ ಹೊಸ ತೂತು ಕೊರೆದ. ಹೆಂಡತಿ ಕೇಳಿದರೆ "ಸಕ್ಕರೆ ಬಿಟ್ಟಿದೀನಲ್ಲ" ಎಂದ. ಕೊನೆಗೆ ಹೊಟ್ಟೆ ಹಿಂಡುವ ನೋವು ತಡೆಯಲಾರದೆ ಹೋದಾಗ ಅವಳೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಸರ್ಜನ್ ಡಾಕ್ಟರಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು. ಸುತ್ತಿಬಳಸುವ ಹೆಂಗಸಲ್ಲ.

"ಗಡ್ಡೆ ಇದೆ. ಕ್ಯಾನ್ಸರ್. ಕರುಳಿನ ಕೊನೆಯಲ್ಲಿ, ಗುದಕ್ಕೆ ತೀರಾ ಹತ್ತಿರ. ದಾರಿನ ಹೆಚ್ಚುಕಡಿಮೆ ಮುಚ್ಚೇಬಿಟ್ಟಿದೆ. ಅದಕ್ಕೆ ಮೊದಲು ಹೊಟ್ಟೆ ಮೇಲೆ ಬೇರೆ ದಾರಿ ಮಾಡೋಣ. ಕರುಳನ್ನ ಹೊರಗೆ ತಂದು ಹೊಲೀತೀವಿ, ಅದಕ್ಕೊಂದು ಚೀಲ ಅಂಟಿಸ್ತೀವಿ. ಆಮೇಲೆ ರೇಡಿಯೇಷನ್ನು, ಕೀಮೋ. ಅದೆಲ್ಲ ಆದ್ಮೇಲೆ ದೊಡ್ಡ ಆಪರೇಷನ್."

"ಚೀಲ ಎಷ್ಟು ದಿನಕ್ಕೆ?"

"ಗಡ್ಡೆ ಇರೋ ಜಾಗ ನೋಡಿದ್ರೆ, ಯಾವಾಗ್ಲೂ ಇರುತ್ತೆ ಅಂತ್ಲೇ ಅಂದ್ಕೊಳ್ಳಿ."

"ಛೀ," ಎಂದ ಅವನು.

ಅಳುವವರನ್ನು, ಮೂರ್ಛೆ ಹೋಗುವವರನ್ನು, ರಿಪೋರ್ಟು ಬದಲಾಗಿರಬೇಕು ಎಂದು ಜಗಳಕ್ಕೆ ನಿಲ್ಲುವವರನ್ನು ಡಾಕ್ಟರಮ್ಮ ಕಂಡಿದ್ದಳು. ಛೀ ಎಂದವನನ್ನು ಕಂಡಿರಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಹೆಂಡತಿಯ ಕಡೆ ತಿರುಗಿ ಮುಂದಿನ ವಾರದ ದಿನ ಹೇಳಿದಳು.

ಬಸ್ಸಿನಲ್ಲಿ ಹೆಂಡತಿ ಕೇಳಿದಳು, "ರಕ್ತ ಯಾವಾಗಿಂದ ಬೀಳ್ತಿತ್ತು?"

ಅವನು ಕಿಟಕಿಯಾಚೆ ನೋಡಿದ.

"ನಾನು ಕೇಳಿದ್ದು ಕೇಳಿಸ್ತೇನ್ರೀ?"

"ಹೋದ ವರ್ಷದಿಂದ."

ಅವಳು ಎದ್ದು ಹೋಗಿ ಖಾಲಿಯಿದ್ದ ಇನ್ನೊಂದು ಸೀಟಿನಲ್ಲಿ ಕೂತಳು. ಮನೆಗೆ ಬಂದು ಬೀಗ ತೆಗೆಯುವಾಗ, ಬಾಗಿಲಿಗೆ ಹೇಳುವವಳಂತೆ ಹೇಳಿದಳು, "ತನ್ನ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಊರವರ ತಟ್ಟೇಲಿ ನೊಣ ಹುಡುಕೋದು ಅಂದ್ರೆ ಇದೇ."

ಆಪರೇಷನ್ನಿನ ದಿನ ಅವನು ಹೋಗಲಿಲ್ಲ. ಹೊಟ್ಟೆಯ ಮೇಲೆ ಹೇಲಿನ ಚೀಲ ಕಟ್ಟಿಕೊಂಡು ಓಡಾಡುವುದು ಅವನ ಕಲ್ಪನೆಗೇ ನಿಲುಕದ ಮಾತಾಗಿತ್ತು. ಸಾಯುವುದನ್ನು ಯೋಚಿಸಿದರೆ ಅಷ್ಟೇನೂ ಭಯವಾಗುತ್ತಿರಲಿಲ್ಲ. ಸತ್ತವರನ್ನು ತೊಳೆದು, ಬಿಳಿ ಬಟ್ಟೆ ಹೊದಿಸಿ ಮಲಗಿಸುತ್ತಾರೆ, ಅದೊಂದು ಶುಭ್ರವಾದ ವಿಷಯ. ಚೀಲ ಹಾಗಲ್ಲ. ಅದು ಅಂಗಿಯೊಳಗೆ ಬೆಚ್ಚಗೆ ಜೋತಾಡುತ್ತದೆ, ತುಂಬುತ್ತದೆ, ನಾರುತ್ತದೆ. "ಸ್ವಲ್ಪ ದಿನ ಯೋಚ್ನೆ ಮಾಡ್ತೀನಿ" ಎಂದು ಹೇಳಿ ಅವನು ಕೆಲಸಕ್ಕೆ ಹೋದ. ಹೆಂಡತಿ ಬೈದಳು, ಬೇಡಿಕೊಂಡಳು. ಕಡೆಗೆ ಅವನ ಅಕ್ಕನಿಗೆ ಫೋನ್ ಮಾಡಿದಳು. ತಾಯಿ ಇಲ್ಲದ ತಮ್ಮನನ್ನು ಎತ್ತಿ ಬೆಳೆಸಿದ ಅಕ್ಕನ ಮಾತನ್ನಾದರೂ ಕೇಳಿಯಾನು ಎಂಬ ಆಸೆ. ಆದರೆ ಅಕ್ಕ ಬಂದು ತಲುಪುವುದರೊಳಗೆ ಹೊಟ್ಟೆಯೇ ತೀರ್ಮಾನ ಮಾಡಿಬಿಟ್ಟಿತು.

ಆ ದಿನ ಬೆಳಿಗ್ಗೆ ಅವನು ಬೇಕರಿಯೊಂದಕ್ಕೆ ತಪಾಸಣೆಗೆ ಹೋಗಿದ್ದ. ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಮಲ ಹೋಗಿ ದಿನಗಳಾಗಿದ್ದವು. ಹಿಟ್ಟು ನಾದುವ ದೊಡ್ಡ ಯಂತ್ರದ ಹತ್ತಿರ ಬಗ್ಗಿ, ಅದರ ಬುಡದಲ್ಲಿ ಒಣಗಿ ಅಂಟಿದ್ದ ಹಳೆಯ ಹಿಟ್ಟಿಗೆ ಟಾರ್ಚು ಬಿಟ್ಟ. ಅಲ್ಲಿ ಜಿರಲೆಯ ಮೊಟ್ಟೆಗಳಿದ್ದವು. ಬಾಯಿ ತೆರೆದ. ಅವನ ಪ್ರಸಿದ್ಧ ಅಕ್ಷರದ ಬದಲು ಒಳಗಿನಿಂದ ಬೇರೇನೋ ಉಕ್ಕಿ ಬಂತು. ಕಂದು ಬಣ್ಣದ, ಗಟ್ಟಿಯಾದ, ಕೆಳಗಿನಿಂದ ಹೋಗಬೇಕಾದದ್ದು ಮೇಲಿನಿಂದ ಬಂದಂಥ ವಾಂತಿ. ಅಂದಿನ ಬ್ರೆಡ್ಡಿಗಾಗಿ ನಾದಿಟ್ಟಿದ್ದ ಹಿಟ್ಟಿನ ಮೇಲೆಯೇ ಬಿತ್ತು. ಒಮ್ಮೆಯಲ್ಲ, ಮತ್ತೆ ಮತ್ತೆ. ಚರಂಡಿಯ ನಾತ ಇಡೀ ಕೋಣೆಗೆ ಹರಡಿತು. ಕೆಲಸದವರು ಗೋಡೆಗೆ ಒತ್ತಿಕೊಂಡು ನಿಂತರು.

"ಛೀ! ಥೂ!" ಎಂದ ಬೇಕರಿಯವನು. ಅನ್ನಬಾರದೆಂದು ಅವನಿಗೂ ಗೊತ್ತಿತ್ತು, ತಡೆಯಲಾಗಲಿಲ್ಲ. ಆಮೇಲೆ ಅವನೇ ಏಪ್ರನ್ ಬಿಚ್ಚಿ ಸಾಹೇಬನ ಬಾಯಿಗೆ ಒತ್ತಿ, ಡ್ರೈವರ್ ಜತೆ ಸೇರಿ ಜೀಪಿಗೆ ಹೊತ್ತುಕೊಂಡು ಹೋದ.

ಪ್ರಜ್ಞೆ ಬಂದಾಗ ಎಲ್ಲ ಮುಗಿದಿತ್ತು. ಹೊಟ್ಟೆಯ ಎಡಭಾಗದಲ್ಲಿ ಏನೋ ಅಂಟಿಕೊಂಡಿದ್ದುದು ಕೈಗೆ ತಗುಲಿತು. ಕೈಯನ್ನು ಬೆಂಕಿ ತಾಗಿದವನಂತೆ ಹಿಂದಕ್ಕೆಳೆದುಕೊಂಡ. ಅಕ್ಕ ಬಂದು ಪಕ್ಕದಲ್ಲಿ ಕೂತಿದ್ದಳು, ಕಣ್ಣು ಊದಿಸಿಕೊಂಡು.

"ನೀನೇನೂ ಯೋಚ್ನೆ ಮಾಡ್ಬೇಡ ಕಣೋ. ನಿನ್ನ ಹೆಂಡ್ತಿ ಇದಾಳಲ್ಲ. ಊರವರ ಮಕ್ಕಳ ಚಡ್ಡಿ ತೊಳೆಯೋಳಿಗೆ ಗಂಡನ್ದೇನು ಕಷ್ಟ?"

ಅವನೂ ಹಾಗೆಯೇ ಅಂದುಕೊಂಡಿದ್ದ. ತಾನು ಕಣ್ಣು ಮುಚ್ಚಿಕೊಂಡಿರುವುದು, ಅವಳು ಮಾಡುವುದು. ಬೇರೆ ದಾರಿಯೇ ಅವನಿಗೆ ಹೊಳೆದಿರಲಿಲ್ಲ.

ಚೀಲ ಬದಲಾಯಿಸುವುದನ್ನು ಕಲಿಸಲು ಒಬ್ಬ ನರ್ಸು ಬಂದಳು. ಗಟ್ಟಿ ದನಿಯ, ಅವಸರದ ಹೆಂಗಸು. "ಇಬ್ರೂ ನೋಡ್ಕೊಳ್ಳಿ" ಎಂದು ಚೀಲವನ್ನು ಚರ್ಮಕ್ಕೆ ಹಿಡಿದಿಟ್ಟಿದ್ದ ಅಂಟುಬಿಲ್ಲೆಯನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಬಿಡಿಸತೊಡಗಿದಳು. ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಹೆಂಡತಿ ತೋಳು ಮಡಚಿ ಬಗ್ಗಿ ನೋಡಿದಳು. ಬಿಲ್ಲೆ ಬಿಟ್ಟುಕೊಂಡಿತು. ಅದರಡಿಯಲ್ಲಿ ಕೆಂಪಗೆ, ಒದ್ದೆಯಾಗಿ, ಸುಲಿದ ಮಾಂಸದಂತೆ ಕರುಳಿನ ಬಾಯಿ. ಅದು ಒಂದು ಸಲ ತಾನೇ ತಾನಾಗಿ ಮಿಸುಕಿತು. ಮಿಸುಕಿ ಒಂದಿಷ್ಟನ್ನು ಹೊರಗೆ ಬಿಟ್ಟಿತು.

ಹೆಂಡತಿಯ ಗಂಟಲಲ್ಲಿ ಗೊರಕ್ ಎಂದು ಸದ್ದಾಯಿತು. ಬಾಯಿಗೆ ಕೈ ಅಡ್ಡ ಹಿಡಿದು ಓಡಿದಳು. ವಾರ್ಡಿನ ಹೊರಗೆ, ನೆಲ ಒರೆಸಲು ಇಟ್ಟಿದ್ದ ಬಕೆಟ್ಟಿನಲ್ಲಿ ಅವಳು ವಾಂತಿ ಮಾಡುತ್ತಿರುವುದು ಒಳಗಿನವರಿಗೆಲ್ಲ ಕೇಳಿಸಿತು.

ವಾಪಸು ಬಂದಾಗ ಮುಖ ಬಿಳುಚಿತ್ತು. ನರ್ಸು ಅಷ್ಟರಲ್ಲಿ ಹೊಸ ಚೀಲ ಅಂಟಿಸಿ ಮುಗಿಸಿದ್ದಳು.

"ನಾಳೆ ನೀವೇ ಮಾಡಿ, ನಾನು ಪಕ್ಕದಲ್ಲಿರ್ತೀನಿ," ಎಂದಳು ನರ್ಸು.

"ಇಲ್ಲ. ನನ್ನ ಕೈಲಿ ಆಗಲ್ಲ."

"ಮೊದಲ ಸಲ ಎಲ್ರಿಗೂ ಹಾಗೇ."

"ಮೊದಲ ಸಲದ ಮಾತಲ್ಲ. ನಾನು ಮಾಡಲ್ಲ," ಎಂದಳು ಕಡ್ಡಿ ಮುರಿದಂತೆ. "ಅವರದು, ಅವರು ಕಲೀಲಿ."

ಅಕ್ಕ ಎದೆಗೆ ಕೈ ಇಟ್ಟುಕೊಂಡಳು. "ಅಯ್ಯೋ, ಕಟ್ಕೊಂಡ ಹೆಂಡ್ತಿ ಬಾಯಲ್ಲಿ ಬರೋ ಮಾತಾ ಇದು? ಬಿಡಮ್ಮ, ಬಿಡು. ಎತ್ತಿ ಆಡಿಸಿದ ಕೈ ಇದೆ ಇಲ್ಲಿ. ನಾನು ಮಾಡ್ತೀನಿ."

ಅವನಿಗೆ ಹೆಂಡತಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಸಿಟ್ಟಿನ ಅಡಿಯಲ್ಲಿ ಅದಕ್ಕಿಂತ ಕೆಟ್ಟದ್ದೊಂದಿತ್ತು. ಯಾರ ಯಾರ ಮಕ್ಕಳ ಹೊಲಸನ್ನೋ ಬಳಿಯುವ ಈ ಹೆಂಗಸಿಗೇ ವಾಂತಿ ಬರಿಸುವಂಥದ್ದು ತನ್ನ ಮೈಮೇಲಿದೆ. ತಾನೊಂದು ಮುಚ್ಚಿಸಬೇಕಾದ ಅಡುಗೆಮನೆ.

ಮನೆಗೆ ಬಂದ ಮೇಲೆ ಅಕ್ಕನ ರಾಜ್ಯಭಾರ ಶುರುವಾಯಿತು. ಹೆಂಡತಿ ಬೆಳಿಗ್ಗೆ ಗಂಜಿ ಬೇಯಿಸಿಟ್ಟು, ಅವನ ಬಟ್ಟೆ ಹಾಸಿಗೆ ಎಲ್ಲ ಒಗೆದು ಹರವಿ, ರೇಡಿಯೇಷನ್ನಿಗೆ ದಿನ ಗೊತ್ತು ಮಾಡಲು ಆಸ್ಪತ್ರೆಗೂ ಕಚೇರಿಗೂ ಓಡಾಡಿ, ಅರ್ಧ ದಿನದ ಕೆಲಸಕ್ಕೂ ಹೋಗಿ ಬರುತ್ತಿದ್ದಳು. ಚೀಲದ ತಂಟೆಗೆ ಮಾತ್ರ ಬರುತ್ತಿರಲಿಲ್ಲ. ಅದು ಅಕ್ಕನ ಪಾಲು. ಅಕ್ಕ ಮೂಗಿಗೂ ಬಾಯಿಗೂ ದುಪಟ್ಟಾ ಬಿಗಿದುಕೊಂಡು, ಕೋಣೆ ತುಂಬ ಸೆಂಟು ಹೊಡೆದು, ಬಾಯಲ್ಲಿ ಉಸಿರಾಡುತ್ತಾ "ಏನೂ ವಾಸನೆ ಇಲ್ಲಪ್ಪ, ಹೂವಿನ ಹಾಗಿದೀಯ" ಎನ್ನುತ್ತಿದ್ದಳು. ಹೇಳುವಾಗ ಕಣ್ಣಲ್ಲಿ ನೀರಿರುತ್ತಿತ್ತು. ಆ ಗುಲಾಬಿ ಸೆಂಟು ಮಲದ ನಾತದೊಂದಿಗೆ ಬೆರೆತು ಹುಟ್ಟುತ್ತಿದ್ದ ಮೂರನೆಯ ವಾಸನೆ ಅವನು ಯಾವ ಕಸಾಯಿಖಾನೆಯಲ್ಲೂ ಕಂಡದ್ದಲ್ಲ.

ಕರುಳಿನ ಬಾಯಿಗೆ ಸರಿಯಾಗಿ ಬಿಲ್ಲೆಯ ನಡುವೆ ಮಾಡಬೇಕಾದ ತೂತನ್ನು ಅಕ್ಕ ಅಂದಾಜಿನಲ್ಲಿ ಕತ್ತರಿಸುತ್ತಿದ್ದಳು. ತೂತು ದೊಡ್ಡದಾಗಿ ಮಲ ಚರ್ಮಕ್ಕೆ ತಾಗಿ ಸುತ್ತಲೂ ಸುಟ್ಟಂತೆ ಕೆಂಪಾಯಿತು. ಉರಿ ಎಂದರೆ "ದೇಹ ಅಂದ್ಮೇಲೆ ಇದ್ದದ್ದೇ" ಎನ್ನುವಳು. ಅದಕ್ಕಿಂತ ಹೆಚ್ಚಾಗಿ ಉರಿಸಿದ್ದು ಫೋನು. ಮಧ್ಯಾಹ್ನ ಇವನು ನಿದ್ದೆ ಮಾಡಿದ್ದಾನೆಂದುಕೊಂಡು ಅಕ್ಕ ಹಜಾರದಲ್ಲಿ ಕೂತು ಬಂಧುಬಳಗದವರಿಗೆಲ್ಲ ಒಬ್ಬೊಬ್ಬರಾಗಿ ವರದಿ ಒಪ್ಪಿಸುತ್ತಿದ್ದಳು.

"ಹೂಂ ಕಣೇ, ಹೊಟ್ಟೆ ಮೇಲಿಂದ್ಲೇ. ಇವತ್ತು ಹಳದಿ ಇತ್ತು, ತೆಳ್ಳಗೆ. ನಿನ್ನೆ ಕಪ್ಪು. ನಾನೇ ಕೈಯಾರೆ ಬಳೀತೀನಿ. ಅವಳಾ? ಅವಳು ತಿರುಗಿಯೂ ನೋಡಲ್ಲ. ಏನ್ ಮಾಡೋದು, ಹೆತ್ತವಳಲ್ಲದಿದ್ರೂ ಹೆತ್ತ ಕರುಳು ನಂದು."

ಅವನು ದಿಂಬಿನಲ್ಲಿ ಮುಖ ಹುದುಗಿಸಿದ. ತನ್ನ ಮಲದ ಬಣ್ಣ ಈಗ ಭಾವನ ತಂಗಿಗೂ ಗೊತ್ತು, ಅವಳ ಸೊಸೆಗೂ ಗೊತ್ತು.

ನೋಡಲು ಬರುವವರ ಸಾಲು ಬೇರೆ. ಬಂದವರು ಹಣ್ಣಿನ ಚೀಲ ಇಟ್ಟು, ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿ ಕೂರುವರು. ಕಣ್ಣು ಮಾತ್ರ ಹೊದಿಕೆಯ ಎಡಭಾಗದಲ್ಲಿ. "ಧೈರ್ಯವಾಗಿರಿ, ಎಲ್ಲಾ ಮನಸ್ಸಿನಲ್ಲಿರೋದು" ಎನ್ನುವರು. ಯಾರದೋ ಚಿಕ್ಕಪ್ಪ ಇದೇ ಕಾಯಿಲೆಯಲ್ಲಿ ಹೇಗೆ ನರಳಿ ಸತ್ತ ಎಂಬುದನ್ನು ವಿವರವಾಗಿ ಹೇಳಿ, "ನಿಮಗೆ ಹಾಗಾಗಲ್ಲ ಬಿಡಿ" ಎಂದು ಮುಗಿಸುವರು. ಅವನು ತಿನ್ನಲಾರದ ಹಣ್ಣುಗಳು ಮೂಲೆಯಲ್ಲಿ ಕೊಳೆತು, ಸಣ್ಣ ನೊಣಗಳೆದ್ದವು. ನೋಡಿಕೊಂಡು ಸುಮ್ಮನೆ ಮಲಗಿರಬೇಕಾಯಿತು.

ಒಂದು ಭಾನುವಾರ ಸಂಜೆ ಆ ಬೇಕರಿಯವನೂ ಬಂದ, ಜತೆಗೆ ಕಚೇರಿಯ ಇಬ್ಬರು. ಮಲಗಿ ಮಲಗಿ ಸಾಕಾಗಿ ಅವನು ಅಂದು ಹಜಾರಕ್ಕೆ ಎದ್ದು ಬಂದು ಕೂತಿದ್ದ. ಅಕ್ಕ ಟೀ ತಂದಳು. ಹೆಂಡತಿ ಬಾಗಿಲ ಹತ್ತಿರ ನಿಂತು ಒಗೆದ ಬಟ್ಟೆ ಮಡಚುತ್ತಿದ್ದಳು. ಬೇಕರಿಯವನು ಆ ಬೆಳಗಿನ ಮಾತೆತ್ತದೆ, ಹೊಸ ಓವನ್ನಿನ ವಿಷಯ ಹೇಳುತ್ತಿದ್ದ. ಆಗ ಸಾಹೇಬನಿಗೆ ಹೊಟ್ಟೆಯ ಪಕ್ಕದಲ್ಲಿ ಬೆಚ್ಚಗಾಯಿತು. ಬೆಚ್ಚಗಿನದು ಮೆಲ್ಲಗೆ ಸೊಂಟದ ಕಡೆ ಇಳಿಯಿತು. ಬಿಲ್ಲೆ ಬಿಟ್ಟುಕೊಂಡಿತ್ತು.

ಕಚೇರಿಯವನೊಬ್ಬ ಟೀ ಲೋಟವನ್ನು ತುಟಿಯಿಂದ ಇಳಿಸಿ ಕೆಳಗಿಟ್ಟ. ಇನ್ನೊಬ್ಬ ಕರವಸ್ತ್ರ ತೆಗೆದು ಇಲ್ಲದ ಬೆವರು ಒರೆಸಿಕೊಂಡ. ಅಂಗಿಯ ಮೇಲೆ ಕಂದು ಕಲೆ ಅಗಲವಾಗುತ್ತಾ ಬಂತು. ಅವನು ಕೈಯಿಂದ ಮುಚ್ಚಿಕೊಂಡ.

"ಏನಾದ್ರೂ... ಬರ್ತಿದ್ಯಾ?" ಎಂದು ಕೇಳಿದ.

"ಇಲ್ಲಪ್ಪ, ಏನೂ ಇಲ್ಲ!" ಎಂದಳು ಅಕ್ಕ, ಬಾಯಲ್ಲಿ ಉಸಿರೆಳೆದುಕೊಳ್ಳುತ್ತಾ.

"ಏನೂ ವಾಸನೆ ಇಲ್ಲ ಸಾರ್," ಎಂದ ಬೇಕರಿಯವನು, ಹಲ್ಲು ಬಿಟ್ಟು.

ಈ ಮಾತನ್ನು ಅವನು ಜೀವಮಾನವಿಡೀ ಕೇಳಿದ್ದ. ಹಳಸಿದ ಮಾಂಸದ ಮುಂದೆ, ಇಲಿ ಸತ್ತ ಉಗ್ರಾಣದ ಮುಂದೆ, ಇದೇ ದನಿಯಲ್ಲಿ, ಇದೇ ಹಲ್ಲಿನಿಂದ. ಹೊಟ್ಟೆಯ ಮೇಲಿನದಕ್ಕಿಂತ ಹೆಚ್ಚಿನ ವಾಕರಿಕೆ ಈಗ ಈ ಮುಖಗಳನ್ನು ನೋಡಿ ಬಂತು.

"ನಾತ ಬರ್ತಿದೆ," ಎಂದಳು ಹೆಂಡತಿ ಬಾಗಿಲಿನಿಂದ. "ಚೀಲ ಒಡ್ಕೊಂಡಿದೆ. ಏಳಿ, ಬಚ್ಚಲಿಗೆ ನಡೀರಿ."

"ಏಯ್!" ಎಂದಳು ಅಕ್ಕ. "ನಾಲ್ಕು ಜನರ ಮುಂದೆ ಗಂಡನ ಮಾನ ತೆಗೀತೀಯಾ?"

"ನಾಲ್ಕು ಜನಕ್ಕೂ ಮೂಗಿದೆ, ಅತ್ತಿಗೆ. ಅವ್ರು ಎದ್ದು ಹೋಗೋಕಾಗದೆ ಒದ್ದಾಡ್ತಿದಾರೆ, ಪಾಪ."

ಕಚೇರಿಯವರು ಈ ಮಾತಿಗೇ ಕಾದಿದ್ದವರಂತೆ ಎದ್ದೆವೋ ಬಿದ್ದೆವೋ ಎಂದು ಹೊರಟರು. ಬೇಕರಿಯವನೂ ಬೆನ್ನಿಗೇ ಜಾರಿಕೊಂಡ. ಅಕ್ಕ ದುಪಟ್ಟಾ ಬಿಗಿದುಕೊಂಡು ಸೆಂಟಿನ ಸೀಸೆ ಹುಡುಕಹೊರಟಳು.

"ಬೇಡ ಅಕ್ಕ," ಎಂದ ಅವನು. "ನೀನು ಬರ್ಬೇಡ."

ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಕನ್ನಡಿಯ ಮುಂದೆ ನಿಂತು ಅಂಗಿ ಬಿಚ್ಚಿದ. ಸೊಂಟದಿಂದ ತೊಡೆಯವರೆಗೆ ಇಳಿದಿತ್ತು. ಏನು ಮಾಡಬೇಕೆಂದು ತೋಚದೆ, ಎರಡೂ ಕೈಯನ್ನು ಮೈಯಿಂದ ದೂರ ಹಿಡಿದು, ಕೆಸರಿಗೆ ಬಿದ್ದ ಮಗುವಿನಂತೆ ನಿಂತುಬಿಟ್ಟ.

ಹೊರಗೆ ಕುರ್ಚಿ ಎಳೆದ ಸದ್ದಾಯಿತು. ಹೆಂಡತಿಯ ದನಿ ಬಾಗಿಲಿಗೆ ತೀರಾ ಹತ್ತಿರದಲ್ಲಿತ್ತು, ಮೂಗು ಹಿಡಿದುಕೊಂಡದ್ದರಿಂದ ನೆಗಡಿಯಾದವರ ದನಿಯಂತೆ.

"ಬಿಸಿನೀರು ಬಿಟ್ರಾ?"

"ಇಲ್ಲ."

"ಬಿಡಿ. ಬಟ್ಟೆ ಒದ್ದೆ ಮಾಡ್ಕೊಳ್ಳಿ. ಸೋಪು ಬೇಡ ಅಂದಿದ್ಲು ನರ್ಸು. ಬಿಲ್ಲೆನ ಮೇಲಿಂದ ಕೆಳಗೆ ಬಿಡಿಸ್ಬೇಕು, ಮೆಲ್ಲಗೆ. ಕಿತ್ತು ಎಳೀಬೇಡಿ."

"ನೀನು ಅವತ್ತು ಓಡಿಹೋದ್ಯಲ್ಲ. ಇದೆಲ್ಲ ಯಾವಾಗ ಕೇಳಿಸ್ಕೊಂಡೆ?"

"ಮಾರನೇ ದಿನ ನೀವು ಮಲಗಿದ್ದಾಗ ಹೋಗಿ ಕೇಳ್ದೆ. ಕಣ್ಣಲ್ಲಿ ನೋಡೋಕೆ ಆಗಲ್ಲ, ಕಿವೀಲಿ ಕೇಳೋಕಾಗುತ್ತೆ. ಬಿಡಿಸಿದ್ರಾ?"

"ಹೂಂ."

"ಈಗ ನೋಡಿ ಅದನ್ನ."

"ನೋಡಲ್ಲ."

"ನೋಡ್ದೆ ಹೇಗ್ರೀ ತೂತಿನ ಅಳತೆ ಗೊತ್ತಾಗೋದು? ಜಿರಲೆ ಮೊಟ್ಟೆಗೆ ಟಾರ್ಚ್ ಬಿಡೋರಿಗೆ ಇದೇನು ದೊಡ್ಡದು?"

ಅವನು ಬಗ್ಗಿ ನೋಡಿದ. ಕೆಂಪಗೆ, ಒದ್ದೆಯಾಗಿ ಹೊಳೆಯುತ್ತಿತ್ತು. ಕಾಸಿನಗಲ. ಅವನ ಕಣ್ಣೆದುರಿಗೇ ಮುದುಡಿ ಮತ್ತೆ ಅರಳಿತು, ತನ್ನ ಪಾಡಿಗೆ ತಾನು. ವಾಶ್‌ಬೇಸಿನ್ ಹಿಡಿದು ನಿಂತು ಓಕರಿಸಿದ, ಏನೂ ಬರಲಿಲ್ಲ.

"ವಾಂತಿ ಬಂತಾ?" ಎಂದಳು ಹೊರಗಿನಿಂದ.

"ಬಂದ ಹಾಗಾಯ್ತು."

"ಹೇಗಿದೆ?"

"ಛೀ," ಎಂದ. "ಅಸಹ್ಯವಾಗಿದೆ."

"ಹೌದಲ್ವಾ?" ಎಂದಳು ಅವಳು. ಆ 'ಹೌದಲ್ವಾ'ದಲ್ಲಿ ಅದೆಂಥ ನೆಮ್ಮದಿಯಿತ್ತೆಂದರೆ ಅವನಿಗೆ ಇದ್ದಕ್ಕಿದ್ದಂತೆ ನಗು ಬಂತು. ಆಚೆ ಅವಳೂ ನಕ್ಕಳು. ನಗುವಾಗ ಮೂಗು ಬಿಟ್ಟಿರಬೇಕು, "ಅಯ್ಯಪ್ಪಾ, ಏನ್ ಗಬ್ಬುರೀ!" ಎಂದು ಕೆಮ್ಮಿದಳು. ಅದನ್ನು ಕೇಳಿ ಅವನು ಹೊಲಿಗೆಯ ಜಾಗ ಒತ್ತಿ ಹಿಡಿದುಕೊಂಡು ಮತ್ತಷ್ಟು ನಕ್ಕ.

ತುಂಬ ಹೊತ್ತು ಹಿಡಿಯಿತು. ಮೊದಲ ಬಿಲ್ಲೆಯ ತೂತು ಓರೆಯಾಯಿತು, ಅದನ್ನು ಎಸೆದ. ಎರಡನೆಯದನ್ನು ಅಳೆದು, ಅಂಚಿನ ಒರಟನ್ನು ಉಗುರಿನಿಂದ ಸವರಿ ನುಣುಪು ಮಾಡಿದ. ಚರ್ಮವನ್ನು ತಟ್ಟಿ ತಟ್ಟಿ ಒಣಗಿಸಿದ. ಬಿಲ್ಲೆಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳಿ ಎಂದು ಆಚೆಯಿಂದ ಅಪ್ಪಣೆಯಾಯಿತು, ಹಾಗೇ ಮಾಡಿದ. ಅಂಟಿಸಿ ಅಂಗೈಯಿಂದ ಒತ್ತಿ ಹಿಡಿದು ನಿಂತ. ಆಮೇಲೆ ನೆಲ, ಗೋಡೆ, ನಲ್ಲಿ ಎಲ್ಲ ಉಜ್ಜಿದ. ಅಕ್ಕನ ದಿನಗಳಲ್ಲಿ ಮೂಲೆಯಲ್ಲಿ ಉಳಿದು ಒಣಗಿದ್ದ ಕಲೆಗಳೂ ಕಣ್ಣಿಗೆ ಬಿದ್ದವು, ಅವನ್ನೂ ಬಿಡಲಿಲ್ಲ.

ಮಾರನೇ ದಿನ ಅಕ್ಕ ಚೀಲ ಕಟ್ಟಿದಳು, ತನ್ನ ಬಟ್ಟೆಯ ಚೀಲ.

"ನನ್ನ ಕೈ ನಿನಗೆ ಹೇಸಿಗೆಯಾಯ್ತು. ಸರಿಯಪ್ಪ. ಸುಖವಾಗಿರು," ಎಂದಳು.

"ನಿನ್ನ ಕೈ ಅಲ್ಲ ಅಕ್ಕ. ನೀನು ಬಳಿದಿದ್ದನ್ನ ಮರೆಯಲ್ಲ. ಆದ್ರೆ ನೀನು ಅದನ್ನ ಊರಿಗೆಲ್ಲ ಹಂಚಿದ್ಯಲ್ಲ, ಅದನ್ನೂ ಮರೆಯೋಕಾಗಲ್ಲ."

ಅಕ್ಕನ ಮುಖ ಸಣ್ಣದಾಯಿತು. ಅವಳನ್ನು ಬಸ್ ನಿಲ್ದಾಣದವರೆಗೆ ಬಿಟ್ಟುಬರಲು ಅವನು ಜೀಪಿನ ಡ್ರೈವರನ್ನು ಕರೆಸಿದ. ಅಕ್ಕ ಆಮೇಲೆ ಬಹಳ ದಿನ ಫೋನ್ ಮಾಡಲಿಲ್ಲ.

ಅಂದು ಸಂಜೆ ಗಂಡ ಹೆಂಡತಿ ಇಬ್ಬರೇ ಊಟಕ್ಕೆ ಕೂತಾಗ ಅವನು ಕೇಳಿದ, "ಆ ಕೂಸುಗಳದ್ದೆಲ್ಲ ಬಳೀತೀಯ. ನನ್ನದು ಯಾಕೆ ಆಗ್ಲಿಲ್ಲ?"

ಅವಳು ತುತ್ತು ಕೆಳಗಿಟ್ಟಳು. "ಊಟದ ಹೊತ್ತಲ್ಲಿ ಕೇಳೋ ಪ್ರಶ್ನೆನಾ ಇದು?" ಎಂದಳು. ಆಮೇಲೆ ತಾನೇ ಹೇಳಿದಳು, "ಮಕ್ಕಳದ್ದು ಬೇರೆ. ಅವು ಮಕ್ಕಳು. ನಿಮ್ಮನ್ನೂ ಮಗು ಮಾಡ್ಕೊಂಡುಬಿಟ್ರೆ ಆಮೇಲೆ ಗಂಡನ್ನ ಎಲ್ಲಿಂದ ತರ್ಲಿ ನಾನು?"

ಅವನು ಅವಳ ಲೋಟಕ್ಕೆ ನೀರು ಬಗ್ಗಿಸಿದ.

"ಇನ್ನೊಂದು ಇದೆ. ಹೇಳ್ಬಿಡ್ತೀನಿ. ವರ್ಷವಿಡೀ ರಕ್ತ ಬೀಳ್ತಿದ್ರೂ ನನಗೊಂದು ಮಾತು ಹೇಳ್ಲಿಲ್ವಲ್ಲ ನೀವು? ನನ್ನ ಪಕ್ಕದಲ್ಲೇ ಮಲಗಿ, ನಾನು ಬಡಿಸಿದ್ದೇ ತಿಂದು. ಅವತ್ತು ಬಸ್ಸಲ್ಲಿ ನನಗೆ ಕಾಯಿಲೆ ಮೇಲೆ ಹೇಸಿಗೆ ಬರ್ಲಿಲ್ಲ ರೀ. ನಿಮ್ಮ ಮೇಲೆ ಬಂತು. ಅದು ಇನ್ನೂ ಪೂರ್ತಿ ಹೋಗಿಲ್ಲ."

"ಹೋಗುತ್ತಾ?"

"ಗೊತ್ತಿಲ್ಲ. ಊಟ ಮಾಡಿ, ಆರಿಹೋಗುತ್ತೆ."

ಅಂದಿನಿಂದ ಒಂದು ಒಪ್ಪಂದವಾಯಿತು. ಚೀಲದ ಕೆಲಸ ಅವನದು, ಮೂಗಿನ ಕೆಲಸ ಅವಳದು. ತನ್ನ ವಾಸನೆ ತನಗೆ ತಿಳಿಯುವುದಿಲ್ಲ ಎಂಬುದು ಅವನಿಗೆ ಕಸುಬಿನಿಂದಲೇ ಗೊತ್ತಿತ್ತು. ಮೀನಂಗಡಿಯವನಿಗೆ ಮೀನು ನಾರುವುದಿಲ್ಲ. ಹೊರಗೆ ಹೊರಡುವ ಮುಂಚೆ ಅವನು ಹೆಂಡತಿಯ ಮುಂದೆ ಬಂದು ನಿಲ್ಲುವನು. ಅವಳು ಮೂಸಿ "ನಡೀರಿ" ಎಂದರೆ ನಡೆ, "ಥೂ" ಎಂದರೆ ಮತ್ತೆ ಬಚ್ಚಲು. ಸುಳ್ಳು ಹೇಳುವಳೆಂಬ ಅನುಮಾನ ಅವನಿಗೆ ಒಮ್ಮೆಯೂ ಬರಲಿಲ್ಲ. ಅಷ್ಟು ನಂಬಿಕೆಯಿಂದ ಅವನು ಹಿಂದೆ ಯಾರ ಮಾತನ್ನೂ ಕೇಳಿರಲಿಲ್ಲ.

ರೇಡಿಯೇಷನ್ ಮತ್ತು ಕೀಮೋ ಅವನನ್ನು ಹಿಂಡಿಹಾಕಿದವು. ಬಾಯಲ್ಲಿ ಸದಾ ತುಕ್ಕು ಹಿಡಿದ ಮೊಳೆಯ ರುಚಿ. ನೀರು ಕೂಡ ನಾರುತ್ತಿತ್ತು, ಹೊಸ ಬಟ್ಟೆ ನಾರುತ್ತಿತ್ತು, ಹೆಂಡತಿಯ ತಲೆಗೂದಲಿನ ಎಣ್ಣೆ ನಾರುತ್ತಿತ್ತು. "ದೂರ ಕೂತ್ಕೋ" ಎನ್ನುವನು. "ಈಗ ನಿಮ್ಮ ಸರದಿಯಾ?" ಎಂದು ಅವಳು ಕುರ್ಚಿ ಸರಿಸಿಕೊಳ್ಳುವಳು.

ರೇಡಿಯೇಷನ್ ಕೋಣೆಯ ಹೊರಗೆ, ಬೆಂಚಿನ ಮೇಲೆ ಒಂದು ದಿನ ಲಾರಿ ಓಡಿಸುವವನೊಬ್ಬ ಸಿಕ್ಕಿದ. ಕಂಬದಂಥ ಆಳು. ಅವನಿಗೂ ಅದೇ ಜಾಗ, ಅದೇ ಗಡ್ಡೆ. ಚೀಲ ಹಾಕಬೇಕೆಂದು ಆಗತಾನೇ ಹೇಳಿದ್ದರು.

"ಸಾರ್, ಕಷ್ಟನಾ?" ಎಂದು ಕೇಳಿದ, ತಗ್ಗಿದ ದನಿಯಲ್ಲಿ. "ಎಲ್ರೂ ಏನಾಗಲ್ಲ, ಏನಾಗಲ್ಲ ಅಂತಾರೆ."

"ಆಗುತ್ತೆ," ಎಂದ ಇವನು. "ಹೇಸಿಗೆ ಆಗುತ್ತೆ. ನಾನು ಮೊದಲು ನೋಡಿದಾಗ ಓಕರಿಸಿದೆ."

"ಆಮೇಲೆ ರೂಢಿ ಆಗುತ್ತಾ?"

"ಕೆಲಸ ರೂಢಿ ಆಗುತ್ತೆ. ಹೇಸಿಗೆ ನನಗಂತೂ ಹೋಗಿಲ್ಲ. ಬೆಳಿಗ್ಗೆ ಎದ್ದು ಇವತ್ತೂ ಅಂದ್ಕೊಂಡೆ, ಥೂ ಅಂತ. ಅಂದ್ಕೊಂಡೇ ಬದಲಾಯಿಸಿದೆ, ಹಲ್ಲುಜ್ಜಿದೆ, ಇಲ್ಲಿಗೆ ಬಂದೆ."

ಲಾರಿಯವನು ತನ್ನ ದೊಡ್ಡ ಅಂಗೈಗಳನ್ನು ತೊಡೆಗೆ ಒರೆಸಿಕೊಂಡ. "ಒಬ್ರಾದ್ರೂ ಹೇಳಿದ್ರಲ್ಲ ಸಾರ್," ಎಂದ. ಅಂಟುಬಿಲ್ಲೆಯನ್ನು ಅಂದಾಜಿನಲ್ಲಿ ಕತ್ತರಿಸಬಾರದು, ಅಳೆಯಲೇಬೇಕು ಎಂದು ಇವನು ಅವನಿಗೆ ಎರಡೆರಡು ಸಲ ಹೇಳಿ ಒಳಗೆ ಹೋದ.

ದೊಡ್ಡ ಆಪರೇಷನ್ನಿಗೆ ಈ ಸಲ ಅವನು ಡಾಕ್ಟರಮ್ಮ ಹೇಳಿದ ದಿನಕ್ಕೇ ಹೋದ. ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿದವು. ಕೂರಲು ಆಗದೆ ಪಕ್ಕಕ್ಕೆ ಮಲಗಿಯೇ ಇರಬೇಕಾಯಿತು, ಗುದ ತೆಗೆದು ಹೊಲಿದ ಗಾಯದಲ್ಲಿ ಕೀವು ತುಂಬಿದ್ದರಿಂದ ಮತ್ತೆ ಬಿಚ್ಚಿ ತೊಳೆದರು. ಆ ಗಾಯವನ್ನು ಮಾತ್ರ ಹೆಂಡತಿ ತಾನೇ ಒರೆಸಿ ಕಟ್ಟುತ್ತಿದ್ದಳು. ಅದು ಅವನ ಕೈಗೆ ನಿಲುಕದ ಜಾಗದಲ್ಲಿತ್ತು. ಕಟ್ಟುವಷ್ಟು ಹೊತ್ತೂ ಬೈಯುತ್ತಿದ್ದಳು.

ಕಡೆಗೊಂದು ದಿನ ಡಾಕ್ಟರಮ್ಮ ಸ್ಕ್ಯಾನನ್ನು ಬೆಳಕಿಗೆ ಹಿಡಿದು, "ಸದ್ಯಕ್ಕೆ ಎಲ್ಲೂ ಕಾಣಿಸ್ತಿಲ್ಲ" ಎಂದಳು.

ಹೊರಗೆ ಬಂದು ಬಸ್ಸು ಹತ್ತಿದ ಮೇಲೆ ಅವನು ಗೊಣಗಿದ, "ಸದ್ಯಕ್ಕೆ ಅಂತೆ, ಸದ್ಯಕ್ಕೆ."

"ಸದ್ಯಕ್ಕೆ ನೀವು ಆಫೀಸಿಗೆ ಹೋಗಿ, ನಾನು ಕೆಲಸಕ್ಕೆ ಹೋಗ್ತೀನಿ," ಎಂದಳು ಅವಳು. ಈ ಸಲ ಅವನ ಪಕ್ಕದ ಸೀಟಿನಲ್ಲೇ ಕೂತಿದ್ದಳು.

ಶಿಶುವಿಹಾರದ ನಿಲ್ದಾಣದಲ್ಲಿ ಅವಳು ಇಳಿದಳು. ಗೇಟಿನ ಸರಳುಗಳ ನಡುವೆ ಮೂತಿ ತೂರಿಸಿಕೊಂಡು ನಿಂತಿದ್ದ ಕೂಸೊಂದು ಅವಳನ್ನು ಕಂಡದ್ದೇ ಕಿರುಚಿ ಎರಡೂ ಕೈ ಚಾಚಿತು. ಅದರ ಮೂಗಿನಿಂದ ಹಸಿರು ಸಿಂಬಳ ತುಟಿಯವರೆಗೆ ಇಳಿದಿತ್ತು. ಅವಳು ಕೈವಸ್ತ್ರವನ್ನೂ ಹುಡುಕದೆ, ಬರಿಗೈಯಿಂದ ಅದನ್ನು ಹಿಂಡಿ ತೆಗೆದು ಪಕ್ಕದ ಗೋಡೆಗೆ ಒರೆಸಿ, ಕೂಸನ್ನು ಎತ್ತಿಕೊಂಡಳು.

ಬಸ್ಸು ಹೊರಡುತ್ತಿತ್ತು. ಅವನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದ, "ಲೇ! ಕೈ ತೊಳ್ಕೋ! ಸೋಪು ಹಾಕಿ ತೊಳ್ಕೋ!"

ಬಸ್ಸಿನವರೆಲ್ಲ ತಿರುಗಿ ನೋಡಿದರು. ಅವಳು ಅದೇ ಕೈ ಎತ್ತಿ ಬೀಸಿದಳು.